ಛತ್ರದವನ ಕೈಯಲ್ಲಿ ಎರಡು ನಾಣ್ಯ
ಆರೋಗ್ಯ ಪ್ರತಿಷ್ಠಾನದ ನಿರ್ದೇಶಕ ಮಂಡಳಿ: ವಿಶ್ವ ರೋಗಿಗಳ ದಿನಕ್ಕೊಂದು ಚಿಂತನೆ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಅದೇ ದಿನವನ್ನು ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸಬೇಕೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಕರೆಯಿತ್ತರು. 1993ರಿಂದ ಪ್ರತಿವರ್ಷ ಈ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ದೇವಾಲಯಕ್ಕೆ ಕರೆತರುತ್ತೇವೆ, ಅವರಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ, ಅಭ್ಯಂಗನ ನೀಡುತ್ತೇವೆ. ವೈದ್ಯರನ್ನು, ದಾದಿಯರನ್ನು, ಆಸ್ಪತ್ರೆಗಳಲ್ಲಿ ಸೇವೆ ಮಾಡುವ ಕನ್ಯಾಸ್ತ್ರೀಯರನ್ನು ಸ್ಮರಿಸುತ್ತೇವೆ. ಇವರೆಲ್ಲರೂ ನಮ್ಮ ಕಣ್ಣಿಗೆ ಕಾಣುವವರು. ಆದರೆ ಆಸ್ಪತ್ರೆಯ ಬಾಗಿಲು ನಾಳೆಯೂ ತೆರೆದಿರುತ್ತದೋ ಇಲ್ಲವೋ, ಬಡ ರೋಗಿಗೆ ಅಲ್ಲಿ ಹಾಸಿಗೆ ಸಿಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಇನ್ನೊಂದು ಗುಂಪಿದೆ. ಅದೇ ನಿರ್ದೇಶಕ ಮಂಡಳಿ. ನಮ್ಮ ಆಡುಮಾತಿನಲ್ಲಿ 'ಬೋರ್ಡು'. ಅದರ ಬಗ್ಗೆ ಪ್ರಬೋಧನೆಗಳಲ್ಲಿ ನಾವು ಮಾತನಾಡುವುದು ಅಪರೂಪ. ಈ ಹಬ್ಬದ ಸಂದರ್ಭದಲ್ಲಿ ಅದನ್ನು ಸ್ವಲ್ಪ ಅರಿತುಕೊಳ್ಳೋಣ.

ನಾವು ಮರೆಯುವ ಛತ್ರದವನು

ರೋಗಿಗಳ ದಿನದಂದು ನಮಗೆ ಮೊದಲು ನೆನಪಾಗುವುದು ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ದಯಾಳು ಸಮಾರಿಯದವನ ಸಾಮತಿ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡೂ ಕಾಣದಂತೆ ಹೋದ ಯಾಜಕ ಮತ್ತು ಲೇವಿಯರ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದ ಸಮಾರಿಯದವನನ್ನು ಮನಸಾರೆ ಮೆಚ್ಚುತ್ತೇವೆ. ಆದರೆ ಆ ಕಥೆಯ ಕೊನೆಯಲ್ಲಿ ಇನ್ನೊಬ್ಬ ಮನುಷ್ಯ ಬರುತ್ತಾನೆ. ಅವನೇ ಛತ್ರದವನು. ಸಮಾರಿಯದವನು ಮರುದಿನ ಹೊರಡುವಾಗ ಎರಡು ಬೆಳ್ಳಿ ನಾಣ್ಯಗಳನ್ನು ಇವನ ಕೈಗೆ ಕೊಟ್ಟು, ಗಾಯಾಳುವನ್ನು ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದು ಹೇಳಿ ಹೋಗುತ್ತಾನೆ. ಆ ಕಾಲದಲ್ಲಿ ಒಂದು ನಾಣ್ಯ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಎರಡು ದಿನದ ದುಡಿಮೆ ಛತ್ರದವನ ಕೈ ಸೇರಿತು.

ಈಗ ಛತ್ರದವನ ಸ್ಥಿತಿಯನ್ನು ಗಮನಿಸಿ. ಹಣ ಕೊಟ್ಟವನು ಊರು ಬಿಟ್ಟು ಹೋಗಿದ್ದಾನೆ. ಹಣ ಯಾರಿಗಾಗಿ ಕೊಟ್ಟದ್ದೋ ಅವನು ಅರೆಜೀವವಾಗಿ ಮಲಗಿದ್ದಾನೆ. ಲೆಕ್ಕ ಕೇಳುವ ಶಕ್ತಿ ಅವನಿಗಿಲ್ಲ. ನಡುವೆ ನಿಂತಿರುವವನು ಛತ್ರದವನೊಬ್ಬನೇ. ಗಾಯಾಳುವಿಗೆ ಗಂಜಿ ಕೊಟ್ಟನೋ, ಬಟ್ಟೆ ಬದಲಿಸಿದನೋ, ಇಲ್ಲವೇ ನಾಣ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನಾದನೋ, ಅದು ಗೊತ್ತಿರುವುದು ಅವನಿಗೂ ದೇವರಿಗೂ ಮಾತ್ರ. ಆರೋಗ್ಯ ಪ್ರತಿಷ್ಠಾನದ ನಿರ್ದೇಶಕ ಮಂಡಳಿ ನಿಂತಿರುವುದು ಇದೇ ಜಾಗದಲ್ಲಿ. ದಾನಿ ದೂರದಲ್ಲಿದ್ದಾನೆ ಅಥವಾ ತೀರಿಕೊಂಡಿದ್ದಾನೆ. ರೋಗಿ ಹಾಸಿಗೆಯಲ್ಲಿದ್ದಾನೆ. ಇಬ್ಬರ ಪರವಾಗಿಯೂ ಕಣ್ಣು ತೆರೆದಿರಬೇಕಾದವರು ಮೇಜಿನ ಸುತ್ತ ಕುಳಿತ ಆ ಕೆಲವು ಮಂದಿ.

ಪ್ರತಿಷ್ಠಾನ ಎಂದರೇನು?

ಒಂದು ಅಂಗಡಿಗೆ ಯಜಮಾನನಿರುತ್ತಾನೆ. ಒಂದು ಕಂಪನಿಗೆ ಷೇರುದಾರರಿರುತ್ತಾರೆ. ಲಾಭ ಬಂದರೆ ಅವರಿಗೆ ಪಾಲು, ನಷ್ಟವಾದರೆ ಅವರಿಗೇ ಪೆಟ್ಟು. ಆದ್ದರಿಂದ ಅವರು ತಮ್ಮ ಸ್ವಂತ ಹಿತಕ್ಕಾಗಿಯಾದರೂ ಲೆಕ್ಕ ಕೇಳುತ್ತಾರೆ. ಪ್ರತಿಷ್ಠಾನಕ್ಕೆ ಹಾಗೆ ಯಜಮಾನನಿಲ್ಲ. ಅದರ ಹಣ ಯಾರ ಸ್ವಂತದ್ದೂ ಅಲ್ಲ. ಒಂದು ಉದ್ದೇಶಕ್ಕಾಗಿ ಎತ್ತಿಟ್ಟ ಗಂಟು ಅದು: ಬಡವರ ಚಿಕಿತ್ಸೆ, ತಾಯಿ ಮಕ್ಕಳ ಆರೈಕೆ, ದಾದಿಯರ ಶಿಕ್ಷಣ ಹೀಗೆ. ಆ ಉದ್ದೇಶವೇ ಅದರ ಯಜಮಾನ. ಉದ್ದೇಶಕ್ಕೆ ಬಾಯಿಲ್ಲವಲ್ಲ! ಅದರ ಪರವಾಗಿ ಮಾತನಾಡಲು ಕಾನೂನು ಕೆಲವರನ್ನು ನೇಮಿಸುತ್ತದೆ. ಅವರೇ ನಿರ್ದೇಶಕರು ಅಥವಾ ಟ್ರಸ್ಟಿಗಳು.

ದಿನನಿತ್ಯದ ಕೆಲಸ ನಡೆಸುವುದು ಮಂಡಳಿಯಲ್ಲ ಎಂಬುದನ್ನೂ ತಿಳಿದಿರಬೇಕು. ಅದಕ್ಕೆ ಸಂಬಳ ಪಡೆಯುವ ಮುಖ್ಯಾಧಿಕಾರಿ ಮತ್ತು ಸಿಬ್ಬಂದಿ ಇರುತ್ತಾರೆ. ಮಂಡಳಿ ಮೂರು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಸೇರುತ್ತದೆ. ಮುಖ್ಯಾಧಿಕಾರಿಯನ್ನು ನೇಮಿಸುವುದು, ಅಗತ್ಯಬಿದ್ದರೆ ತೆಗೆಯುವುದು, ವರ್ಷದ ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಆಡಿಟರನ್ನು ಆರಿಸುವುದು, ಸಾಲ ಮಾಡಬೇಕೇ ಬೇಡವೇ ಎಂದು ನಿರ್ಧರಿಸುವುದು, ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ಅಡುಗೆ ಮಾಡುವುದು ಅಡುಗೆಯವನ ಕೆಲಸ. ಬಡಿಸಿದ್ದು ಪಂಕ್ತಿಯ ಕೊನೆಯವನಿಗೂ ತಲುಪಿತೇ ಎಂದು ನೋಡುವುದು ಮನೆಯ ಹಿರಿಯರ ಕೆಲಸ. ಇಷ್ಟೇ ವ್ಯತ್ಯಾಸ.

ಒಬ್ಬ ಸಂತಳ ಹೆಸರಿನಲ್ಲಿ

ಇದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. ಇಟಲಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರಿನಿ ಹುಟ್ಟಿದ್ದು 1850ರಲ್ಲಿ. 1880ರಲ್ಲಿ ಯೇಸುವಿನ ಪವಿತ್ರ ಹೃದಯದ ಪ್ರೇಷಿತ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. ಚೀನಾಕ್ಕೆ ಹೋಗಬೇಕೆಂಬುದು ಅವರ ಬಯಕೆ. ಜಗದ್ಗುರು ಹದಿಮೂರನೆಯ ಲಿಯೋ ಅವರು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗು ಎಂದರು. 1889ರಲ್ಲಿ ಅವರು ನ್ಯೂಯಾರ್ಕಿಗೆ ಬಂದಿಳಿದರು. ಹೊಟ್ಟೆಪಾಡಿಗಾಗಿ ಇಟಲಿಯಿಂದ ಬಂದು ಭಾಷೆ ತಿಳಿಯದೆ, ಕಾಯಿಲೆ ಬಿದ್ದರೆ ದಿಕ್ಕಿಲ್ಲದೆ ಇದ್ದ ವಲಸೆಗಾರರ ನಡುವೆ ದುಡಿದರು. 1892ರಲ್ಲಿ ಅಲ್ಲಿ ಕೊಲಂಬಸ್ ಆಸ್ಪತ್ರೆಯನ್ನು ಆರಂಭಿಸಿದರು. 1917ರಲ್ಲಿ ಷಿಕಾಗೋದಲ್ಲಿ ಕಣ್ಮುಚ್ಚುವ ವೇಳೆಗೆ 67 ಸಂಸ್ಥೆಗಳನ್ನು ಕಟ್ಟಿದ್ದರು. 1946ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಅಮೆರಿಕದ ಪೌರತ್ವ ಪಡೆದವರಲ್ಲಿ ಸಂತ ಪದವಿಗೇರಿದ ಮೊದಲಿಗರು ಅವರೇ.

ಆದರೆ ನ್ಯೂಯಾರ್ಕಿನಲ್ಲಿ ಅವರು ಬಿತ್ತಿದ ಆಸ್ಪತ್ರೆ ಉಳಿಯಲಿಲ್ಲ. ಮುಂದೆ ಇನ್ನೊಂದು ಆಸ್ಪತ್ರೆಯ ಜತೆ ಸೇರಿ ಕಬ್ರಿನಿ ಮೆಡಿಕಲ್ ಸೆಂಟರ್ ಎಂಬ ಹೆಸರು ಪಡೆದಿದ್ದ ಅದು 2008ರಲ್ಲಿ ಮುಚ್ಚಿತು. ಅದೇ ನಗರದಲ್ಲಿ 1849ರಿಂದ ಸೇವೆ ಸಲ್ಲಿಸುತ್ತಿದ್ದ ಸೇಂಟ್ ವಿನ್ಸೆಂಟ್ ಆಸ್ಪತ್ರೆ 2010ರಲ್ಲಿ ಸಾಲದ ಹೊರೆಯಿಂದ ಬಾಗಿಲು ಹಾಕಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ನ್ಯೂಯಾರ್ಕ್ ರಾಜ್ಯದ ಧರ್ಮಾಧ್ಯಕ್ಷರ ಆಶ್ರಯದಲ್ಲಿ 1993ರಲ್ಲಿ ಫಿಡೆಲಿಸ್ ಕೇರ್ ಎಂಬ ಆರೋಗ್ಯ ವಿಮಾ ಸಂಸ್ಥೆ ಆರಂಭವಾಗಿತ್ತು. ಲಾಭಕ್ಕಾಗಿ ಅಲ್ಲ, ಸರಕಾರದ ನೆರವಿನ ವಿಮೆ ಪಡೆಯುವ ಬಡಕುಟುಂಬಗಳಿಗಾಗಿ. ಅದು ಬೆಳೆದು 16 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡಿತು. 2018ರಲ್ಲಿ ಅದನ್ನು ಸೆಂಟೀನ್ ಎಂಬ ಕಂಪನಿಗೆ 375 ಕೋಟಿ ಡಾಲರಿಗೆ ಮಾರಲಾಯಿತು. ಲಾಭರಹಿತ ಸಂಸ್ಥೆಯನ್ನು ಮಾರಿದಾಗ ಬರುವ ಹಣವನ್ನು ಯಾರೂ ಹಂಚಿಕೊಳ್ಳುವಂತಿಲ್ಲ. ಅದು ಮತ್ತೆ ಧರ್ಮಕಾರ್ಯಕ್ಕೇ ಹೋಗಬೇಕು. ಹಾಗೆ ಹುಟ್ಟಿದ್ದೇ ಮದರ್ ಕಬ್ರಿನಿ ಆರೋಗ್ಯ ಪ್ರತಿಷ್ಠಾನ. ಅದರ ಮೂಲನಿಧಿ ಸುಮಾರು 320 ಕೋಟಿ ಡಾಲರ್. ವಿಮೆಗೆ ಬಂದ ಹಣದಲ್ಲಿ ಹೆಚ್ಚಿನದು ಸರಕಾರದ್ದೇ ಆಗಿತ್ತೆಂದು ರಾಜ್ಯ ಸರಕಾರ ಪಾಲು ಕೇಳಿತು. ಮಾತುಕತೆಯ ಬಳಿಕ ಒಂದು ಭಾಗ ಸರಕಾರಕ್ಕೂ ಹೋಯಿತು. ಉಳಿದದ್ದು ಪ್ರತಿಷ್ಠಾನಕ್ಕೆ ಬಂತು.

ಇಷ್ಟು ದೊಡ್ಡ ಗಂಟನ್ನು ಯಾರ ಕೈಗೆ ಕೊಟ್ಟರು? ಇಲ್ಲಿ ನಮ್ಮ ಧರ್ಮಕೇಂದ್ರಗಳ ಜನರು ಗಮನಿಸಬೇಕಾದ ವಿಷಯವಿದೆ. ಆರಂಭದ ವರ್ಷಗಳಲ್ಲಿ ದಿನನಿತ್ಯದ ಆಡಳಿತ ನಡೆಸುವ ಮುಖ್ಯಾಧಿಕಾರಿಯಾಗಿ ಒಬ್ಬ ಗುರುಗಳು, ಮಾನ್ಸಿಞೋರ್ ಗ್ರೆಗರಿ ಮುಸ್ತಾಚುವೊಲೊ ಇದ್ದರು. ಅವರಿಂದ ಲೆಕ್ಕ ಕೇಳುವ ಮಂಡಳಿಯ ಅಧ್ಯಕ್ಷರಾಗಿ ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ, ಆಗ ವೀಸಾ ಕಂಪನಿಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಕೆಲ್ಲಿ ಇದ್ದರು. ಗುರುಗಳಿಗೆ ಶ್ರೀಸಾಮಾನ್ಯನೊಬ್ಬ ಪ್ರಶ್ನೆ ಕೇಳುವುದೇ? ಹೌದು. ಅದರಲ್ಲಿ ಗುರುಗಳಿಗೆ ಅವಮಾನವೇನೂ ಇಲ್ಲ. ಹಣದ ವಿಷಯದಲ್ಲಿ ಕೇಳುವವನೊಬ್ಬ ಇರುವುದು ಗುರುಗಳಿಗೂ ಒಂದು ರಕ್ಷೆ. ಆ ಪ್ರತಿಷ್ಠಾನ ಪ್ರತಿವರ್ಷ ನೆರವಿನ ಹಣ ಹಂಚುತ್ತದೆ: ವಲಸೆಗಾರರಿಗೆ, ವೃದ್ಧರಿಗೆ, ಬಡ ಬಾಣಂತಿಯರಿಗೆ, ಮಾನಸಿಕ ರೋಗಿಗಳಿಗೆ, ಸೆರೆಮನೆಯಿಂದ ಹೊರಬಂದವರಿಗೆ ನೆರವಾಗುವ ಸಂಸ್ಥೆಗಳಿಗೆ. ಪಡೆಯುವವರ ಧರ್ಮ ಯಾವುದೆಂದು ಕೇಳುವುದಿಲ್ಲ. ಸಂತಳು ಕಟ್ಟಿದ ಗೋಡೆ ಉಳಿಯಲಿಲ್ಲ. ಅವಳು ಇಟ್ಟುಕೊಂಡಿದ್ದ ಉದ್ದೇಶ ಉಳಿಯಿತು. ಮಂಡಳಿ ಕಾಯಬೇಕಾದದ್ದು ಮೊಟ್ಟಮೊದಲು ಆ ಉದ್ದೇಶವನ್ನು.

ಮೂರು ಕರ್ತವ್ಯಗಳು

ಅಮೆರಿಕದ ಕಾನೂನು ಇಂತಹ ನಿರ್ದೇಶಕರಿಗೆ ಮೂರು ಕರ್ತವ್ಯಗಳನ್ನು ಹೇಳುತ್ತದೆ. ಕಾನೂನಿನ ಭಾಷೆಯಾದರೂ ನಮ್ಮ ಜ್ಞಾನೋಪದೇಶದ ಪಾಠದಂತೆಯೇ ಇದೆ.

ಮೊದಲನೆಯದು ಎಚ್ಚರ. ಸಭೆಗೆ ಬರಬೇಕು, ಕಾಗದಪತ್ರ ಓದಿಕೊಂಡು ಬರಬೇಕು, ತಿಳಿಯದಿದ್ದರೆ ಕೇಳಬೇಕು. ತನ್ನ ಮನೆಯ ಹಣವನ್ನು ವಿವೇಕಿ ಮನುಷ್ಯ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು. ಕಬ್ರಿನಿಯಮ್ಮನವರ ಚರಿತ್ರೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಷಿಕಾಗೋದಲ್ಲಿ ಆಸ್ಪತ್ರೆಗಾಗಿ ಹಳೆಯ ಹೋಟೆಲೊಂದನ್ನು ಕೊಳ್ಳುವಾಗ ಮಾರುವವರು ಹೇಳಿದ ಅಳತೆಯನ್ನು ಅವರು ಹಾಗೇ ನಂಬಲಿಲ್ಲ. ಸಿಸ್ಟರುಗಳು ನಸುಕಿನಲ್ಲೇ ದಾರ ಹಿಡಿದು ಹೋಗಿ ಜಾಗವನ್ನು ಅಳೆದರು. ಕೊಡಬೇಕಾದ ಜಾಗದಲ್ಲಿ ಒಂದಿಷ್ಟನ್ನು ಮಾರುವವರು ಉಳಿಸಿಕೊಳ್ಳಲು ಹೊರಟಿದ್ದದ್ದು ಬಯಲಾಯಿತು. ಪ್ರಾರ್ಥನೆ ಮಾಡುವ ಕೈ ದಾರವನ್ನೂ ಹಿಡಿಯಬಲ್ಲದು. ದೇವರಲ್ಲಿ ಭರವಸೆ ಇಟ್ಟವರು ಅಳತೆ ನೋಡಬಾರದು ಎಂದು ಯಾರು ಹೇಳಿದರು?

ಎರಡನೆಯದು ನಿಷ್ಠೆ. ಮಂಡಳಿಯ ಕುರ್ಚಿಯಲ್ಲಿ ಕುಳಿತಾಗ ನಾನು ನನ್ನ ಅಂಗಡಿಗೆ, ನನ್ನ ನೆಂಟರಿಗೆ, ನನ್ನ ಊರಿಗೆ ಸೇರಿದವನಲ್ಲ. ಪ್ರತಿಷ್ಠಾನದ ಉದ್ದೇಶಕ್ಕೆ ಸೇರಿದವನು. ಆಸ್ಪತ್ರೆಗೆ ಔಷಧ ಕೊಳ್ಳುವ ವಿಷಯ ಬಂದಾಗ ನನ್ನ ಭಾವನ ಔಷಧದಂಗಡಿಯೂ ಪೈಪೋಟಿಯಲ್ಲಿದ್ದರೆ ಅದನ್ನು ಮೊದಲೇ ಎಲ್ಲರ ಮುಂದೆ ಹೇಳಿ, ಚರ್ಚೆ ಮುಗಿಯುವವರೆಗೆ ಎದ್ದು ಹೊರಗೆ ಹೋಗಬೇಕು. ಭಾವನ ದರವೇ ಕಡಿಮೆಯಿದ್ದರೂ ಹೊರಗೇ ಹೋಗಬೇಕು. ಒಳ್ಳೆಯ ಮಂಡಳಿಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬ ಸದಸ್ಯನೂ ತನಗೆ ಎಲ್ಲೆಲ್ಲಿ ಇಂತಹ ಸಂಬಂಧಗಳಿವೆ ಎಂದು ಬರೆದು ಸಹಿ ಹಾಕುತ್ತಾನೆ.

ಮೂರನೆಯದು ವಿಧೇಯತೆ. ಯಾರಿಗೆ? ಅಧ್ಯಕ್ಷನಿಗಲ್ಲ, ದೊಡ್ಡ ದಾನಿಗಲ್ಲ. ಕಾನೂನಿಗೆ ಮತ್ತು ಸಂಸ್ಥೆಯ ಮೂಲ ಉದ್ದೇಶಕ್ಕೆ. ಕುಷ್ಠರೋಗಿಗಳಿಗೆಂದು ಕೊಟ್ಟ ಹಣವನ್ನು ಕಾರು ನಿಲ್ಲಿಸುವ ಜಾಗಕ್ಕೆ ಹಾಕುವಂತಿಲ್ಲ. ಜಾಗ ಅಗತ್ಯವೇ ಇರಬಹುದು. ಅದಕ್ಕೆ ಬೇರೆ ಹಣ ಹುಡುಕಬೇಕು.

ಯಾರೂ ಪ್ರಶ್ನೆ ಕೇಳದಿದ್ದಾಗ

ಈ ಮೂರೂ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅದೇ ದೇಶದಲ್ಲಿ ಕಹಿಯಾದ ಉದಾಹರಣೆಯಿದೆ. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಅಲೆಘೆನಿ ಆರೋಗ್ಯ, ಶಿಕ್ಷಣ ಮತ್ತು ಸಂಶೋಧನಾ ಪ್ರತಿಷ್ಠಾನ ಎಂಬುದು 1983ರಲ್ಲಿ ಸ್ಥಾಪನೆಯಾಯಿತು. ಇದು ಧರ್ಮಸಭೆಯ ಸಂಸ್ಥೆಯಲ್ಲ. ಒಂದು ಹೆಸರಾಂತ ಆಸ್ಪತ್ರೆಯ ಮೇಲೆ ಕಟ್ಟಿದ ಪ್ರತಿಷ್ಠಾನ. ಅದರ ಮುಖ್ಯಾಧಿಕಾರಿ ಒಂದರ ಹಿಂದೆ ಒಂದರಂತೆ ಆಸ್ಪತ್ರೆಗಳನ್ನೂ ವೈದ್ಯಕೀಯ ಕಾಲೇಜುಗಳನ್ನೂ ಕೊಳ್ಳುತ್ತಾ ಹೋದರು. ಸಾಲದ ಮೇಲೆ ಸಾಲ ಬೆಳೆಯಿತು.

ಮಂಡಳಿ ಇರಲಿಲ್ಲವೇ? ಇತ್ತು. ಒಂದಲ್ಲ, ಹಲವು ಮಂಡಳಿಗಳಿದ್ದವು. ದೊಡ್ಡ ದೊಡ್ಡ ಉದ್ಯಮಿಗಳು, ಬ್ಯಾಂಕುಗಳ ನಂಟಿರುವವರು ಅವುಗಳಲ್ಲಿ ಕುಳಿತಿದ್ದರು. ಆದರೆ ಒಂದು ಮಂಡಳಿಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಇಡೀ ಚಿತ್ರ ಕಂಡದ್ದು ಮೇಲೆ ಕುಳಿತ ಕೆಲವರಿಗೆ ಮಾತ್ರ. ಸಭೆಗಳಲ್ಲಿ ವರದಿ ಓದಿ, ಒಪ್ಪಿಗೆ ಪಡೆದು ಮುಗಿಸುವುದೇ ಹೆಚ್ಚಾಗಿತ್ತು. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ನಮ್ಮ ಗಾದೆಯಂತೆ ಹೆಸರಿಗೆ ಮಾತ್ರ ಸದಸ್ಯರು. ಕೊನೆಕೊನೆಗೆ ಹಣ ಸಾಲದಾದಾಗ, ದಾನಿಗಳು ನಿರ್ದಿಷ್ಟ ಉದ್ದೇಶಕ್ಕೆಂದು ಬಿಟ್ಟುಹೋಗಿದ್ದ ದತ್ತಿನಿಧಿಗಳಿಂದ ಸುಮಾರು 5.2 ಕೋಟಿ ಡಾಲರನ್ನು ದಿನದ ಖರ್ಚಿಗೆ ಎತ್ತಿ ಬಳಸಿದ ಆರೋಪ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

1998ರ ಜುಲೈ 21ರಂದು ಆ ಪ್ರತಿಷ್ಠಾನ ದಿವಾಳಿ ಅರ್ಜಿ ಸಲ್ಲಿಸಿತು. ಸಾಲ ಸುಮಾರು 130 ಕೋಟಿ ಡಾಲರ್. ಆ ದೇಶದ ಲಾಭರಹಿತ ಆರೋಗ್ಯ ಸಂಸ್ಥೆಗಳಲ್ಲಿ ಅದುವರೆಗೆ ಅಷ್ಟು ದೊಡ್ಡ ದಿವಾಳಿ ಆಗಿರಲಿಲ್ಲ. ಫಿಲಡೆಲ್ಫಿಯಾ ಭಾಗದ ಎಂಟು ಆಸ್ಪತ್ರೆಗಳನ್ನು ಒಂದು ಲಾಭದ ಕಂಪನಿ 34.5 ಕೋಟಿ ಡಾಲರಿಗೆ ಕೊಂಡಿತು. ಮಾಜಿ ಮುಖ್ಯಾಧಿಕಾರಿಗೆ 2002ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ಆ ಎಂಟರಲ್ಲಿ ಒಂದಾದ ಹಾನೆಮನ್ ಆಸ್ಪತ್ರೆ ನಗರದ ಬಡವರ ಆಸರೆಯಾಗಿತ್ತು. ಮುಂದೆ ಹಲವು ಕೈ ಬದಲಾಯಿಸಿ 2019ರಲ್ಲಿ ಅದೂ ಮುಚ್ಚಿತು.

ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ಮಂಡಳಿಯ ಸದಸ್ಯರಲ್ಲಿ ಹೆಚ್ಚಿನವರು ಕಳ್ಳರಲ್ಲ. ಒಂದು ಕಾಸನ್ನೂ ಮನೆಗೆ ಒಯ್ದವರಲ್ಲ. ಸಮಾಜದಲ್ಲಿ ಗೌರವವಿದ್ದ, ತಮ್ಮ ತಮ್ಮ ವ್ಯವಹಾರದಲ್ಲಿ ಬಹಳ ಚುರುಕಾದ ಜನ. ಅವರು ಮಾಡಿದ್ದು ಒಂದೇ: ಸುಮ್ಮನಿದ್ದರು. ಪಾಪನಿವೇದನೆಯ ಮೊದಲು ನಾವು ಆಲೋಚನೆಯಿಂದ, ಮಾತಿನಿಂದ, ಕ್ರಿಯೆಯಿಂದ ಮಾಡಿದ ಪಾಪಗಳನ್ನು ನೆನೆಯುತ್ತೇವೆ. ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ಪಾಪವನ್ನು ನೆನೆಯುವುದು ಕಡಿಮೆ. ಸಾಮತಿಯ ಯಾಜಕನೂ ಲೇವಿಯನೂ ಗಾಯಾಳುವಿಗೆ ಹೊಡೆದವರಲ್ಲ. ಅವರು ಸುಮ್ಮನೆ ದಾಟಿಹೋದವರು, ಅಷ್ಟೇ.

ಇಂದಿನ ರೋಗಿಯೋ, ನಾಳಿನ ರೋಗಿಯೋ?

ಪ್ರಾಮಾಣಿಕರಾದ ನಿರ್ದೇಶಕರಿಗೂ ಒಂದು ಕಠಿಣ ಪ್ರಶ್ನೆ ತಪ್ಪಿದ್ದಲ್ಲ. ಕೈಯಲ್ಲಿರುವ ಹಣವನ್ನು ಇಂದು ಬಾಗಿಲಲ್ಲಿ ನಿಂತಿರುವ ರೋಗಿಗೆ ಖರ್ಚು ಮಾಡಬೇಕೇ? ಅಥವಾ ನಿಧಿಯಲ್ಲಿಟ್ಟು, ಇಪ್ಪತ್ತು ವರ್ಷದ ಮೇಲೆ ಬರುವ ರೋಗಿಗೂ ಉಳಿಸಬೇಕೇ? ಎಲ್ಲವನ್ನೂ ಇಂದೇ ಕೊಟ್ಟರೆ ನಾಳೆ ಬಾಗಿಲು ಮುಚ್ಚುತ್ತದೆ. ಎಲ್ಲವನ್ನೂ ಉಳಿಸಿದರೆ ಅದು ಯೇಸುಸ್ವಾಮಿ ಹೇಳಿದ ಮೂರ್ಖ ಧನಿಕನ ಕಣಜವಾಗುತ್ತದೆ.

ಕಾನೂನು ಇಲ್ಲಿ ಒಂದು ಗೆರೆ ಎಳೆಯುತ್ತದೆ. ಅಮೆರಿಕದಲ್ಲಿ ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು 5 ಶೇಕಡಾ ಮೊತ್ತವನ್ನಾದರೂ ಹಂಚಲೇಬೇಕು. ನಮ್ಮ ದೇಶದ ಆದಾಯ ತೆರಿಗೆ ಕಾನೂನು ಇನ್ನೊಂದು ಬಗೆಯದು. ತೆರಿಗೆ ವಿನಾಯಿತಿ ಬೇಕಾದ ಧರ್ಮಾರ್ಥ ಸಂಸ್ಥೆ ತನ್ನ ವರ್ಷದ ಆದಾಯದ 85 ಶೇಕಡವನ್ನು ಸಾಮಾನ್ಯವಾಗಿ ಉದ್ದೇಶಕ್ಕೇ ಬಳಸಬೇಕು. 15 ಶೇಕಡವನ್ನು ಉಳಿಸಿಕೊಳ್ಳಬಹುದು. ಕಟ್ಟಡದಂತಹ ನಿರ್ದಿಷ್ಟ ಕೆಲಸಕ್ಕಾಗಿ ಹೆಚ್ಚು ಕೂಡಿಡಬೇಕಾದರೆ ಮೊದಲೇ ತಿಳಿಸಿ, ನಿಗದಿತ ವರ್ಷಗಳೊಳಗೆ ಅದಕ್ಕೇ ಖರ್ಚು ಮಾಡಬೇಕು. ಗೆರೆ ಎಳೆಯುವುದು ಮಾತ್ರ ಕಾನೂನಿನ ಕೆಲಸ. ಗೆರೆಯೊಳಗೆ ಯಾರಿಗೆ ಎಷ್ಟು ಎಂದು ನಿರ್ಧರಿಸುವುದು ಮಂಡಳಿಯ ಮನಸ್ಸಾಕ್ಷಿ. ಆದ್ದರಿಂದಲೇ ಲೆಕ್ಕ ಬಲ್ಲವರ ಜತೆಗೆ ಬಡವರ ಬದುಕು ಬಲ್ಲವರೂ ಆ ಮೇಜಿನಲ್ಲಿ ಇರಬೇಕು. ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಒಬ್ಬ ದಾದಿಗೆ ತಿಳಿದಿರುವ ಸತ್ಯ ಎಷ್ಟೋ ಸಲ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ.

ನಮ್ಮ ನಾಡಿನಲ್ಲಿ

ಇದು ದೂರದ ಊರಿನ ಮಾತೆಂದು ತಿಳಿಯಬೇಡಿ. ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆಗ ಅವರೇ ವೈದ್ಯರು, ಅವರೇ ಲೆಕ್ಕದವರು. ಇಂದು ಅದು ಮಂಗಳೂರು ಧರ್ಮಪ್ರಾಂತದ ಅಧೀನದಲ್ಲಿ ವೈದ್ಯಕೀಯ ಕಾಲೇಜುಳ್ಳ ದೊಡ್ಡ ಸಂಸ್ಥೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಯೊವಾನ್ನರ ವೈದ್ಯಕೀಯ ಕಾಲೇಜೂ ಹಾಗೆಯೇ ಬೆಳೆದಿದೆ. ಮರದಡಿಯ ಔಷಧಾಲಯಕ್ಕೆ ಒಬ್ಬ ಪುಣ್ಯಾತ್ಮ ಸಾಕು. ಸಾವಿರಾರು ಜನ ದುಡಿಯುವ ಆಸ್ಪತ್ರೆಗೆ ಸಾಲದು. ಅಲ್ಲಿ ಮಂಡಳಿ ಬೇಕು, ನಿಯಮ ಬೇಕು, ನಡವಳಿ ಪುಸ್ತಕ ಬೇಕು.

ಸಣ್ಣ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಹಳ್ಳಿಯ ಹತ್ತು ಹಾಸಿಗೆಯ ಆಸ್ಪತ್ರೆಯೇ ಇರಲಿ, ಧರ್ಮಕೇಂದ್ರದ ವೈದ್ಯಕೀಯ ನೆರವು ನಿಧಿಯೇ ಇರಲಿ, ಕೊಟ್ಟವನು ಎದುರಿಗಿಲ್ಲ, ಪಡೆಯುವವನಿಗೆ ಧ್ವನಿಯಿಲ್ಲ. ವಿದೇಶದಿಂದ ನೆರವು ಪಡೆಯುವ ಸಂಸ್ಥೆಗಳ ಮೇಲೆ 2020ರ ತಿದ್ದುಪಡಿಯ ಬಳಿಕ ಹೊಣೆ ಇನ್ನೂ ಹೆಚ್ಚಿದೆ. ಆಡಳಿತದ ಖರ್ಚು ಆ ಹಣದ 20 ಶೇಕಡ ಮೀರುವಂತಿಲ್ಲ. ಮೊದಲು 50 ಶೇಕಡದವರೆಗೆ ಅವಕಾಶವಿತ್ತು. ಒಂದು ಫಾರಂ ತುಂಬಲು ಮರೆತರೂ ರೋಗಿಗಳಿಗೆ ಬರಬೇಕಾದ ನೆರವು ನಿಂತುಹೋಗಬಹುದು. 'ಅದೆಲ್ಲ ಫಾದರು ನೋಡಿಕೊಳ್ಳುತ್ತಾರೆ, ಸಿಸ್ಟರು ನೋಡಿಕೊಳ್ಳುತ್ತಾರೆ' ಎಂದು ಮಂಡಳಿಯ ಸದಸ್ಯರು ಹೇಳುವ ಕಾಲ ಇದಲ್ಲ.

ನಿಮ್ಮನ್ನು ಕರೆದರೆ

ನಮ್ಮ ಕುಟುಂಬಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಶಿಕ್ಷಕರು, ವಕೀಲರು, ದಾದಿಯರು ಇದ್ದಾರೆ. ನಾಳೆ ನಿಮ್ಮನ್ನೊಂದು ಆಸ್ಪತ್ರೆಯ ಅಥವಾ ಆರೋಗ್ಯ ಟ್ರಸ್ಟಿನ ಮಂಡಳಿಗೆ ಕರೆಯಬಹುದು. ಅದನ್ನು ಸನ್ಮಾನವೆಂದು ಭಾವಿಸಿ ಶಾಲು ಹೊದ್ದು ಕೂರಬೇಡಿ. ಒಪ್ಪುವ ಮೊದಲು ಸಂಸ್ಥೆಯ ಮೂಲಪತ್ರವನ್ನು ಓದಿ. ಯಾವ ಉದ್ದೇಶಕ್ಕೆ ಹುಟ್ಟಿದ್ದೆಂದು ತಿಳಿಯಿರಿ. ಕಳೆದ ಮೂರು ವರ್ಷದ ಆಡಿಟ್ ವರದಿ ಕೇಳಿ ಪಡೆಯಿರಿ. ಸಾಲ ಎಷ್ಟಿದೆ, ಯಾರಿಗೆ ಕೊಡಬೇಕಾಗಿದೆ ಎಂದು ವಿಚಾರಿಸಿ. ನಿರ್ದಿಷ್ಟ ಉದ್ದೇಶಕ್ಕೆ ಬಂದ ದಾನ ಬೇರೆ ಖಾತೆಯಲ್ಲಿದೆಯೇ ನೋಡಿ. ಒಳಗೆ ಹೋದ ಮೇಲೆ ಪ್ರತಿ ಸಭೆಯಲ್ಲೂ ಒಂದು ಪ್ರಶ್ನೆಯನ್ನಂತೂ ಕೇಳಿ: ಕಳೆದ ಸಭೆಯಿಂದ ಈಚೆಗೆ ಹಣವಿಲ್ಲವೆಂದು ಹಿಂದಿರುಗಿದ ರೋಗಿಗಳು ಎಷ್ಟು ಮಂದಿ? ಒಪ್ಪಿಗೆಯಿಲ್ಲದ ಠರಾವಿಗೆ ಮುಖದಾಕ್ಷಿಣ್ಯಕ್ಕೆ ಕೈ ಎತ್ತಬೇಡಿ. ನಿಮ್ಮ ಅಸಮ್ಮತಿಯನ್ನು ನಡವಳಿಯಲ್ಲಿ ಬರೆಸಿ. ಹೀಗೆ ಮಾಡುವುದು ಜಗಳವಲ್ಲ, ಸೇವೆ. ಬಿಡುವಿಲ್ಲದಿದ್ದರೆ ವಿನಯದಿಂದ ಬೇಡವೆನ್ನಿ. ಅದೂ ಒಂದು ಪ್ರಾಮಾಣಿಕತೆ.

ಮಂಡಳಿಗೆ ಹೋಗದ ಉಳಿದವರಿಗೂ ಪಾಲಿದೆ. ದಾನ ಕೊಟ್ಟಾಗ ರಸೀದಿ ಕೇಳಿ. ವರ್ಷದ ವರದಿ ಬಂದಾಗ ಫೋಟೋಗಳನ್ನಷ್ಟೇ ನೋಡದೆ ಲೆಕ್ಕದ ಪುಟವನ್ನೂ ಓದಿ. ಪ್ರಶ್ನೆ ಕೇಳಿದವರನ್ನು ಧರ್ಮಸಭೆಯ ವಿರೋಧಿಯೆಂದು ದೂರಬೇಡಿ.

ಆದಿಸಭೆಯಲ್ಲಿ ಪ್ರೇಷಿತರು ಏಳು ಮಂದಿಯನ್ನು ಆರಿಸಿದ್ದೇಕೆಂದು ನೆನಪಿದೆಯೇ? ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಿತ್ತು. ಪ್ರೇಷಿತರು ದೂರನ್ನು ಅದುಮಲಿಲ್ಲ, ದೂರಿದವರನ್ನು ಗದರಿಸಲಿಲ್ಲ. ಒಳ್ಳೆಯ ಹೆಸರುಳ್ಳ, ಪವಿತ್ರಾತ್ಮರಿಂದಲೂ ಜ್ಞಾನದಿಂದಲೂ ತುಂಬಿದ ಜನರನ್ನು ಸಮುದಾಯವೇ ಆರಿಸಲಿ ಎಂದರು. ಭಕ್ತಿಯೊಂದೇ ಸಾಲದು, ಜ್ಞಾನವೂ ಬೇಕು. ಜ್ಞಾನವೊಂದೇ ಸಾಲದು, ಒಳ್ಳೆಯ ಹೆಸರೂ ಬೇಕು. ಜೆರುಸಲೇಮಿನ ಬಡವರಿಗಾಗಿ ಸಂಗ್ರಹವಾದ ಹಣವನ್ನು ಸಂತ ಪೌಲರು ಒಬ್ಬರೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜತೆಗೆ ಕರೆದುಕೊಂಡರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿ ಕಾಣಬೇಕೆಂಬುದು ಅವರ ಕಾಳಜಿ. ಪೌಲರಂತಹ ಪೌಲರೇ ಹಣದ ವಿಷಯದಲ್ಲಿ ಸಾಕ್ಷಿಗಳನ್ನು ಬಯಸಿದರೆ ನಮಗೆ ಬೇಡವೇ? ಇನ್ನೊಂದು ಕಡೆ, ಹನ್ನೆರಡು ಮಂದಿಯಲ್ಲಿ ಹಣದ ಚೀಲ ಹಿಡಿದಿದ್ದವನು ಯಾರು ಎಂಬುದನ್ನು ಸಂತ ಯೊವಾನ್ನರು ಮರೆಮಾಚದೆ ಬರೆದಿಟ್ಟಿದ್ದಾರೆ.

ಪ್ರಿಯರೇ, ಸಾಮತಿಯ ಸಮಾರಿಯದವನು ಹಿಂದಿರುಗಿ ಬರುತ್ತೇನೆಂದು ಹೇಳಿ ಹೋಗಿದ್ದಾನೆ. ಸಭಾಪಿತೃಗಳಲ್ಲಿ ಹಲವರು ಆ ಸಮಾರಿಯದವನಲ್ಲಿ ಕ್ರಿಸ್ತನನ್ನೇ ಕಂಡರು. ಹಾಗಾದರೆ ಎರಡು ನಾಣ್ಯಗಳ ಲೆಕ್ಕ ಕೇಳಲು ಬರುವವನು ಅವನೇ. ಈ ಹಬ್ಬದ ದಿನ ರೋಗಿಗಳಿಗಾಗಿ ಮೇಣದ ಬತ್ತಿ ಹಚ್ಚುವಾಗ, ಎಲ್ಲೋ ಒಂದು ಕೋಣೆಯಲ್ಲಿ ಮೇಜಿನ ಸುತ್ತ ಕುಳಿತು ಆ ರೋಗಿಗಳ ಪಾಲಿನ ಹಣವನ್ನು ಎಣಿಸುತ್ತಿರುವವರಿಗಾಗಿಯೂ ಒಂದು ಪ್ರಾರ್ಥನೆ ಹೇಳಿ. ಅವರಿಗೆ ಓದುವ ತಾಳ್ಮೆಯನ್ನು, ಕೇಳುವ ಧೈರ್ಯವನ್ನು, ಹಾಸಿಗೆಯಲ್ಲಿರುವವನನ್ನು ಮರೆಯದ ಹೃದಯವನ್ನು ಲೂರ್ದು ಮಾತೆ ತಮ್ಮ ಪುತ್ರನಿಂದ ಬೇಡಿ ಕೊಡಿಸಲಿ.